ಹರಿವೆಗೆ ಹೊಡೆದ ನೀರು

ನಮ್ಮ ಅವ್ವಿಗೆ ನೀರು ಕುಡಿ ನೀರು ಕುಡಿ ಎಂದು ಹೇಳಿ ಹೇಳಿ ನನ್ನ ಬಾಯಿಯೇ ಸೋತಿತ್ತು. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ನೆಲದ ಮೇಲೆ ಹೊರಳಾಡಿದವಳು ಅವಳು. "ಬಲಗಡೆಯದು ಊದಿದೆ. ಇನ್ನೊಂದು ಸಲ ಕಲ್ಲು ಅಡ್ಡ ಸಿಕ್ಕಿದರೆ ಆ ಕಿಡ್ನಿಯ ಆಸೆ ಬಿಡಬೇಕು" ಎಂದು ಡಾಕ್ಟರು ಹೇಳಿದ್ದರು. ಇವಳೋ ನಾಲ್ಕು ದಿನ ಹುರುಳಿ ಕಟ್ಟು ಕುಡಿದು, ಕಲ್ಲು ಕರಗಿತೆಂದು ತಾನೇ ತೀರ್ಪು ಕೊಟ್ಟು, ಹಳದೀಪುರದಲ್ಲಿ ಕುಮಟಾ ಬಸ್ಸು ಹತ್ತಿಯೇಬಿಟ್ಟಳು.

ಕುಮಟಾದ ಪೇಟೆಯಲ್ಲಿ, ರಮಾಕಾಂತಣ್ಣನ ಬಟ್ಟೆ ಅಂಗಡಿಯ ಎದುರು ಗೋಣಿ ಹಾಸಿ ಅವಳು ನಮ್ಮ ಗದ್ದೆಯ ಹರಿವೆ, ಬಸಳೆ, ಮೂಲಂಗಿ ಮಾರುತ್ತಾಳೆ. ನಾನು ಹೊನ್ನಾವರದ ಒಂದು ಮೆಡಿಕಲ್ ಶಾಪಿನಲ್ಲಿದ್ದೇನೆ. ಕಲ್ಲಿನ ಸಿರಪ್ ಕೇಳಿ ಬಂದವರಿಗೆಲ್ಲ ನನ್ನ ಉಪದೇಶ ಪುಕ್ಕಟೆ. ಮನೆಯಲ್ಲಿ ಮಾತ್ರ ಕೇಳುವವರಿಲ್ಲ. ಕೊನೆಗೆ ಎರಡು ದೊಡ್ಡ ಬಾಟಲಿ ತಂದು, ದಿನಾ ಬೆಳಿಗ್ಗೆ ತುಂಬಿಸಿ, ಅವಳ ಬುಟ್ಟಿಯಲ್ಲಿ ನಾನೇ ಇಡತೊಡಗಿದೆ. ಸಂಜೆ ಎರಡೂ ಖಾಲಿಯಾಗಿ ಬರುತ್ತಿದ್ದವು. ಸದ್ಯ, ದಾರಿಗೆ ಬಂದಳು ಎಂದುಕೊಂಡೆ.

ಏಪ್ರಿಲ್ ಬಿಸಿಲಿಗೆ ಮೂರನೆಯ ಕಲ್ಲು ಬಂತು. ಪಕ್ಕೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಒಳಗೆ ನಳಿಗೆ ಹಾಕಿ ಕಿಡ್ನಿಯನ್ನು ಹೇಗೋ ಉಳಿಸಿದ ಡಾಕ್ಟರು, "ಇವರು ನೀರೇ ಕುಡಿದಿಲ್ಲವಲ್ಲ!" ಎಂದು ನನ್ನನ್ನೇ ಗದರಿದರು.

"ದಿನಾ ಎರಡು ಬಾಟ್ಲಿ ಖಾಲಿ ಮಾಡ್ತಿದ್ಯಲ್ಲೇ ಅವ್ವಿ?"

"ನಾ ಎಲ್ಲಿ ಕುಡ್ದೆ? ಹರಿವೆಗೆ ಹೊಡಿತಿದ್ದೆ. ಬಾಡಿದ ಸೊಪ್ಪು ಯಾರು ತಕಂತ್ರು?"

"ಸೊಪ್ಪು ಬಾಡ್ತದೆ, ನೀ ಬಾಡೂದಿಲ್ಯಾ?"

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಸಿಟ್ಟಿಗೆ ನನಗೆ ಅಳುವೇ ಬಂತು.

ಕಿತ್ತಿಟ್ಟ ಸೊಪ್ಪು ಹಾಳಾಗಬಾರದೆಂದು ಮರುದಿನ ರಜೆ ಹಾಕಿ, ಬುಟ್ಟಿ ಹೊತ್ತು ನಾನೇ ಕುಮಟಾಕ್ಕೆ ಹೋದೆ. ಮಧ್ಯಾಹ್ನದ ಹೊತ್ತಿಗೆ ನೆತ್ತಿ ಸುಡುತ್ತಿತ್ತು. ಪಕ್ಕದಲ್ಲಿ ಬಾಳೆಹಣ್ಣು ಮಾರುವ ಚೌಡಮ್ಮ ನೀರಿನ ತಂಬಿಗೆ ಚಾಚಿದಳು.

"ಕುಡಿ ಮಗಾ. ಬಾಯಿ ಒಣಗ್ಯದೆ ನೋಡು."

"ಈಗ ಬೇಡ ಚೌಡತ್ತೆ" ಎಂದುಬಿಟ್ಟೆ. ಬೆಳಗಿನಿಂದ ಹೊಟ್ಟೆ ಬಿಗಿಹಿಡಿದು ಕೂತಿದ್ದೆ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿ ಬರುವಷ್ಟರಲ್ಲಿ ದನ ಬಂದು ಸೊಪ್ಪಿಗೆ ಬಾಯಿ ಹಾಕಿರುತ್ತದೆ.

"ನೀವೆಲ್ಲ ಎಲ್ಲಿಗೆ ಹೋಗ್ತ್ರಿ?"

"ಎಲ್ಲಿಗೂ ಇಲ್ಲ. ಸಂಜಿಗೆ ಮನೆಗೆ ಹೋದ್ಮೇಲೆಯಾ. ನಿನ್ನ ಅವ್ವಿ ಬೆಳಗಿನ ಚಾನೂ ಬಿಟ್ಟಾಳೆ, ಗೊತ್ತಿಲ್ಯಾ?"

ಗೊತ್ತಿರಲಿಲ್ಲ. ಎಷ್ಟು ಕುಡಿದೆ ಎಂದು ಡಾಕ್ಟರೂ ಕೇಳಿದ್ದರು, ನಾನೂ ಕೇಳಿದ್ದೆ. ಎಲ್ಲಿಗೆ ಹೋಗುತ್ತೀ ಎಂದು ಯಾರೂ ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಬುಟ್ಟಿ ನೋಡಿಕೊಳ್ಳಲು ಚೌಡಮ್ಮನಿಗೆ ಹೇಳಿ ನೇರ ಬಟ್ಟೆ ಅಂಗಡಿಗೆ ನುಗ್ಗಿದೆ.

"ರಮಾಕಾಂತಣ್ಣ, ನಿಮ್ಮ ಟಾಯ್ಲೆಟ್ ಎಲ್ಲದೆ?"

ಸೀರೆ ನೋಡುತ್ತಿದ್ದ ಗಿರಾಕಿಗಳೆಲ್ಲ ತಿರುಗಿದರು. ಅವನು ತಬ್ಬಿಬ್ಬಾಗಿ ಹಿಂದಿನ ಬಾಗಿಲು ತೋರಿಸಿದ.

"ಹೋಗು, ಅದಕ್ಕೆಂತ? ನಿನ್ನ ಅವ್ವಿ ಸುಬ್ಬಿ ಒಂದಿನಾನೂ ಕೇಳ್ಲಿಲ್ಲ."

"ಅವ್ಳಿಗೆ ನಾಚ್ಕೆ. ಇನ್ಮೇಲೆ ಅವ್ಳೂ ಬತ್ತಾಳೆ, ಚೌಡತ್ತೆನೂ ಬತ್ತಾಳೆ."

"ಆತು ಮಾರಾಯ್ತಿ, ಆತು" ಎಂದ, ಒಮ್ಮೆ ನನ್ನ ಬಾಯಿ ಮುಚ್ಚಿದರೆ ಸಾಕೆಂಬಂತೆ.

ಸಂಜೆ ಆಸ್ಪತ್ರೆಯಲ್ಲಿ ಇದನ್ನು ಹೇಳಿದ್ದೇ ತಡ, ಅವ್ವಿ ಎದ್ದು ಕೂತಳು.

"ಗಂಡಸ್ರ ಎದ್ರಿಗೆ ಅದ್ನ ಕೇಳದ್ಯಾ? ಮರ್ಯಾದಿ ತೆಗ್ದ್ಯಲ್ಲೇ! ನಾ ಇನ್ನು ಅಲ್ಲಿ ಹ್ಯಾಂಗೆ ಕೂತ್ಕಳ್ಲಿ?"

ಬೈದಳು, ಬೈದಳು. ನಾನೂ ಬಿಡಲಿಲ್ಲ. ಕೊನೆಗೆ ಬಾಟಲಿಗೆ ನೀರು ತುಂಬಿಸಿ ಅವಳ ಮಂಚದ ಪಕ್ಕ ಇಟ್ಟೆ. ಅವಳು ಮುಖ ಆಚೆ ಮಾಡಿಕೊಂಡೇ ಮೆಲ್ಲಗೆ ಕೇಳಿದಳು.

"ಆ ಬಾಗ್ಲಿಗೆ ಒಳಗಿಂದ ಚಿಲ್ಕ ಅದ್ಯಾ?"

"ಅದೆ."

"ಹಂಗಾರೆ ಆ ನೀರು ಇತ್ಲಾಗೆ ಕೊಡು."