ನೂರಕ್ಕೆ ಹತ್ತು ನಿರುದ್ಯೋಗಿಗಳು

ಎರಡು ದೊಡ್ಡ ದೇಶಗಳು ಹಟಕ್ಕೆ ಬಿದ್ದು ಒಂದರ ಸರಕಿನ ಮೇಲೆ ಇನ್ನೊಂದು ಸುಂಕ ಏರಿಸುತ್ತಾ ಹೋದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ಈ ಊರಿನ ಗಾಜಿನ ಕಾರ್ಖಾನೆ. ಅಲ್ಲೆಲ್ಲೂ ಮಾರಾಟವಾಗದ ಬಾಟಲಿಗಳು ಹಡಗು ತುಂಬಿಕೊಂಡು ಬಂದು ಇಲ್ಲಿಯ ಪೇಟೆಯಲ್ಲಿ ಕಾಸಿಗೊಂದರಂತೆ ಬಿದ್ದವು. ಬೆಲೆಗಳು ಹತೋಟಿಗೆ ಬರಲೆಂದು ಬ್ಯಾಂಕುಗಳು ಬಡ್ಡಿ ಏರಿಸಿದ್ದರಿಂದ ಮಾಲೀಕರಿಗೆ ಸಾಲವೂ ಹುಟ್ಟಲಿಲ್ಲ. ಎಂಟುನೂರು ಜನರನ್ನು ಮನೆಗೆ ಕಳಿಸಿದರು.

ಕುಲುಮೆಯನ್ನು ಮಾತ್ರ ಆರಿಸಲಿಲ್ಲ. ಗಾಜಿನ ಕುಲುಮೆ ಒಮ್ಮೆ ತಣ್ಣಗಾದರೆ ಒಳಗಿನ ಇಟ್ಟಿಗೆಗಳು ಬಿರಿದುಹೋಗುತ್ತವೆ, ಮತ್ತೆ ಬುಡದಿಂದ ಕಟ್ಟಬೇಕು. ಅಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಹಾಗಾಗಿ ಸಣ್ಣ ಉರಿಯಲ್ಲಿ ಅದರ ಜೀವ ಹಿಡಿದಿಟ್ಟಿದ್ದರು.

ಸರ್ಕಾರ ಒಂದು ಮಾತು ಕೊಟ್ಟಿತ್ತು. ಯಾವ ಜಿಲ್ಲೆಯಲ್ಲಿ ನಿರುದ್ಯೋಗಿಗಳು ನೂರಕ್ಕೆ ಹತ್ತು ಮುಟ್ಟುತ್ತಾರೋ, ಆ ಜಿಲ್ಲೆಯ ಕಾರ್ಖಾನೆಗಳ ಗ್ಯಾಸಿನ ಖರ್ಚೂ ಅರ್ಧ ಸಂಬಳವೂ ಸರ್ಕಾರದ್ದು. ಹತ್ತಕ್ಕೆ ಒಂದು ಕೂದಲೆಳೆ ಕಡಿಮೆಯಾದರೂ ಏನೂ ಇಲ್ಲ. ಆ ಅಂಕಿಯನ್ನು ಮನೆಮನೆಯಿಂದ ಹೆಕ್ಕಿ ತರುವ ಕೆಲಸ ಗಣತಿಯವಳದು. ಮೂರು ತಿಂಗಳಿಗೊಮ್ಮೆ, ಪಟ್ಟಿಯಲ್ಲಿರುವ ಮನೆಗಳಿಗೆ ಹೋಗಿ, ಪ್ರಶ್ನೆ ಕೇಳಿ, ಕೈಯಲ್ಲಿರುವ ಟ್ಯಾಬಿನಲ್ಲಿ ಗುರುತು ಹಾಕುವುದು. ಅವಳ ಭಾವ ಅವಳನ್ನು ಕರೆಯುವುದೇ ‘ಪ್ರಶ್ನೆಪತ್ರಿಕೆ’ ಅಂತ.

ಈ ಸಲ ಊರು ನೋಡಿದರೆ ಹತ್ತೇನು, ಇಪ್ಪತ್ತೇ ದಾಟಬೇಕಿತ್ತು. ಆದರೆ ಮೊದಲ ದಿನದಿಂದಲೇ ಲೆಕ್ಕ ಬೇರೆ ದಾರಿ ಹಿಡಿಯಿತು. ಬಾಟಲಿ ಅಚ್ಚಿನ ವಿಭಾಗದಲ್ಲಿದ್ದವನು ಹೋದ ವಾರ ಯಾರದೋ ಕಾರು ತೊಳೆದುಕೊಟ್ಟಿದ್ದ. ಒಂದು ಗಂಟೆ ಕೂಲಿ ಸಿಕ್ಕಿದರೂ ನಿಯಮದ ಪ್ರಕಾರ ಅವನು ಉದ್ಯೋಗಿ. ಪ್ಯಾಕಿಂಗ್ ಮಾಡುತ್ತಿದ್ದವಳು ಎರಡು ಮನೆಯ ಬಟ್ಟೆ ಇಸ್ತ್ರಿ ಮಾಡಿದ್ದಳು, ಅವಳೂ ಉದ್ಯೋಗಿ. ಹಸಿವು ಜಾಸ್ತಿಯಾದಷ್ಟೂ ಜನ ಸಿಕ್ಕಿದ ಕೆಲಸಕ್ಕೆ ಕೈ ಹಾಕುತ್ತಿದ್ದರು, ಕೈ ಹಾಕಿದಷ್ಟೂ ಅಂಕಿ ಇಳಿಯುತ್ತಿತ್ತು. ಈ ಲೆಕ್ಕ ಕಂಡುಹಿಡಿದ ಮಹಾನುಭಾವ ಹೊಟ್ಟೆ ತುಂಬ ಉಂಡು ಕೂತಿದ್ದಾಗಲೇ ಕಂಡುಹಿಡಿದಿರಬೇಕು.

ಪಟ್ಟಿಯ ಕೊನೆಯಲ್ಲಿ ಅವಳ ಅಕ್ಕನ ಮನೆ ಇತ್ತು. ಸಂಬಂಧಿಕರ ಮನೆ ಬೇಡವೆಂದು ಅವಳು ಮೇಲಧಿಕಾರಿಗೆ ಹೇಳಿದಳು.

“ಖರ್ಚು ಕಡಿತ ಅಂತ ನಿಮ್ಮಲ್ಲಿ ಅರ್ಧ ಜನಾನ ತೆಗೆದಿದಾರೆ. ಇನ್ಯಾರನ್ನ ಕಳಿಸ್ಲಿ? ಹೋಗಿ ಕೇಳಿ ಬನ್ನಿ. ಆಮೇಲೆ ಫೋನ್ ಮಾಡಿ ಪರೀಕ್ಷೆ ಮಾಡ್ತೀವಿ,” ಅಂದರು ಅವರು.

ಭಾವ ಇಪ್ಪತ್ತೆರಡು ವರ್ಷ ಕುಲುಮೆಯ ಮುಂದೆ ನಿಂತವರು. ಮುಂಗೈಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಅವಳು ಎದುರು ಕುರ್ಚಿಯಲ್ಲಿ ಕೂತು ಟ್ಯಾಬು ತೆಗೆದಾಗ ಅವರು ಬೆನ್ನು ನೇರ ಮಾಡಿ ಕೂತರು.

“ಕೇಳಮ್ಮ ಪ್ರಶ್ನೆಪತ್ರಿಕೆ. ಪಾಸು ಮಾಡ್ಸು.”

“ಕಳೆದ ವಾರ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ, ಭಾವ?”

“ದಿನಾ ಎಂಟು ಗಂಟೆ. ಕುಲುಮೆ ಹತ್ರ.”

“ಸಂಬಳಕ್ಕಾ?”

“ಸಂಬಳ ಯಾರಪ್ಪ ಕೊಡ್ತಾನೆ? ನಾವು ಆರು ಜನ ಸರದಿ ಮೇಲೆ ಪುಕ್ಕಟೆ ಕಾಯ್ತಿದೀವಿ. ಉರಿ ಒಂಚೂರು ಹೆಚ್ಚುಕಮ್ಮಿ ಆದ್ರೂ ಇಟ್ಟಿಗೆ ಹೋಗುತ್ತೆ.”

ಪುಕ್ಕಟೆ ಕೆಲಸ ಕೆಲಸವಲ್ಲ. ಅವಳು ‘ಇಲ್ಲ’ ಎಂದು ಒತ್ತಿ, ಸದ್ಯ, ಒಬ್ಬರಾದರೂ ಸಿಕ್ಕರು ಅಂದುಕೊಂಡಳು.

“ಕಳೆದ ನಾಲ್ಕು ವಾರದಲ್ಲಿ ಬೇರೆ ಕೆಲಸ ಹುಡುಕಿದ್ರಾ?”

“ಇಲ್ಲ.”

ಅವಳ ಬೆರಳು ನಿಂತಿತು. ಉತ್ತರ ಹೇಳಿಕೊಡಬಾರದು ಅನ್ನುವುದು ಅವಳ ಕೆಲಸದ ಮೊದಲ ಪಾಠ. ಅದನ್ನು ಅವಳು ಅಲ್ಲೇ ಮುರಿದಳು. “ಸರಿಯಾಗಿ ನೆನಪು ಮಾಡ್ಕೊಳ್ಳಿ. ಯಾರನ್ನಾದ್ರೂ ವಿಚಾರಿಸಿರ್ತೀರಿ. ಪೇಪರ್‌ನಲ್ಲಿ ಜಾಹೀರಾತು ನೋಡಿರ್ತೀರಿ.”

“ಯಾಕೆ ನೋಡ್ಲಿ? ಕುಲುಮೆ ಇನ್ನೂ ಉರೀತಿದೆಯಲ್ಲ.”

“ಹುಡುಕಿದ್ರು ಅಂತ ಬರ್ಕೊಳ್ಳೇ,” ಅಂದಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ.

“ಬರೀಬೇಡ. ಆಫೀಸಿನೋರು ಫೋನ್ ಮಾಡಿದ್ರೆ ನಾನು ಇಲ್ಲ ಅಂತಾನೇ ಹೇಳೋದು. ನಾವು ಆರು ಜನ ಮಾತು ಕೊಟ್ಕೊಂಡಿದೀವಿ. ಒಬ್ಬ ಬೇರೆ ಕಡೆ ಕಾಲಿಟ್ಟ ಅಂತ ಗೊತ್ತಾದ್ರೆ ಉಳಿದೋರು ನಾಳೆ ಗೇಟಿಗೇ ಬರಲ್ಲ.”

“ಭಾವ, ಕೆಲಸಾನೂ ಇಲ್ಲ, ಹುಡುಕ್ತಾನೂ ಇಲ್ಲ ಅಂದ್ರೆ ನೀವು ನಿರುದ್ಯೋಗಿ ಅಲ್ಲ.”

“ಮತ್ತೆ ಉದ್ಯೋಗಿನಾ?”

“ಅದೂ ಅಲ್ಲ. ಲೆಕ್ಕದಿಂದಲೇ ಹೊರಗೆ. ಶಾಲೆ ಮಕ್ಕಳು, ಹಾಸಿಗೆ ಹಿಡಿದ ಮುದುಕರು, ಅವರ ಸಾಲು.”

ಭಾವ ಜೋರಾಗಿ ನಕ್ಕರು. “ಹಾಗಾದ್ರೆ ನಾಳೆ ಒಂದು ಸ್ಲೇಟು ಬಳಪ ತಂದ್ಕೊಡು.” ಅವಳು ನಗಲಿಲ್ಲ. ಅವರ ನಗುವೂ ಹಾಗೇ ಇಂಗಿಹೋಯಿತು.

ಆಗ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಪಟ್ಟಿಯ ಒಂದೊಂದು ಮನೆ ಇನ್ನೂರು ಮನೆಗಳ ಬದಲಿಗೆ ನಿಂತಿದೆ, ಒಂದು ‘ಹೌದು’ ಅಂದರೆ ಇನ್ನೂರು ‘ಹೌದು’, ಅಂಕಿ ಹತ್ತರ ಅಂಚಿನಲ್ಲಿ ತೂಗಾಡುತ್ತಿದೆ ಎಂದಳು.

“ಕುಲುಮೆ ಬಿಟ್ಟು ಹೋಗ್ತೀನಿ ಅಂದ್ರೆ ಕುಲುಮೆ ಉಳಿಯುತ್ತೆ. ಇಲ್ಲೇ ಇರ್ತೀನಿ ಅಂದ್ರೆ ಆರಿಹೋಗುತ್ತೆ. ಹೌದಾ?”

“ಹೌದು ಭಾವ.”

“ಇದನ್ನ ಬರೆದೋನು ಒಂದಿನ ಉರಿ ಕಾದಿದಾನಾ? ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ ಕಣಮ್ಮ. ಇದ್ದದ್ದು ಬರ್ಕೊಂಡು ಹೋಗು.”

ಅವಳು ಇದ್ದದ್ದನ್ನೇ ಬರೆದುಕೊಂಡಳು. ಅಕ್ಕ ಅವತ್ತು ಅವಳನ್ನು ಬಾಗಿಲವರೆಗೂ ಬಿಡಲು ಬರಲಿಲ್ಲ.

ಅಂಕಿ ಹೊರಬಿತ್ತು. ಒಂಬತ್ತು ಮುಕ್ಕಾಲು. ಹೋದ ಸಲಕ್ಕಿಂತ ಕಡಿಮೆಯೇ. ಆರ್ಥಿಕತೆ ಚೇತರಿಸಿಕೊಳ್ಳುತ್ತಿದೆ ಎಂದು ಮಂತ್ರಿಗಳು ಟೀವಿಯಲ್ಲಿ ಹೇಳುವಾಗ ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅವರೂ ಪಾಪ, ಕೊಟ್ಟ ಚೀಟಿ ಓದುವವರು. ಮುಂದಿನ ವಾರ ಒಂದು ಮಧ್ಯಾಹ್ನ ಮಾಲೀಕರು ಕುಲುಮೆಯ ಗ್ಯಾಸು ನಿಲ್ಲಿಸಿದರು. ಆರು ಜನರೂ ಗೋಡೆಗೊರಗಿ ಕೂತಿದ್ದರು. ಕುಲುಮೆ ತಣ್ಣಗಾಗುತ್ತಾ ಒಳಗೆ ಇಟ್ಟಿಗೆಗಳು ಒಂದೊಂದಾಗಿ ಬಿರಿಯುವ ಸದ್ದು ಅಂಗಳದವರೆಗೂ ಕೇಳಿಸುತ್ತಿತ್ತಂತೆ. ಭಾವ ಅದನ್ನು ಕೊನೆಯವರೆಗೂ ಕೇಳಿಸಿಕೊಂಡೇ ಎದ್ದರು ಅಂತ ಅಕ್ಕ ಫೋನಿನಲ್ಲಿ ಹೇಳಿದಳು.

ಮೂರು ತಿಂಗಳ ಮೇಲೆ ಗಣತಿಯವಳು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಈ ಸಲ ಭಾವ ಪ್ರಶ್ನೆಪತ್ರಿಕೆ ಅನ್ನಲಿಲ್ಲ.

“ಕಳೆದ ವಾರ ಒಂದು ಗಂಟೆಯಾದ್ರೂ ಕೆಲಸ...”

“ಇಲ್ಲ.”

“ನಾಲ್ಕು ವಾರದಲ್ಲಿ ಹುಡುಕಿದ್ರಾ?”

“ಹುಡುಕ್ದೆ. ಸಿಮೆಂಟು ಗೋದಾಮು, ಬಸ್ ಡಿಪೋ, ಆಸ್ಪತ್ರೆ ವಾಚ್‌ಮನ್ ಕೆಲಸ. ಐವತ್ತು ದಾಟಿದೋರು ಬೇಡವಂತೆ. ಆರೂ ಜನ ಹುಡುಕ್ತಿದೀವಿ. ಊರೇ ಹುಡುಕ್ತಿದೆ.”

ಅವಳು ‘ಹೌದು’ ಎಂದು ಒತ್ತಿದಳು. ಈ ಸಲ ಅವಳ ಪಟ್ಟಿಯಲ್ಲಿ ಮನೆಗೊಂದು ‘ಹೌದು’ ಇತ್ತು. ಕಾರು ತೊಳೆಸುವವರ ಕೈಯಲ್ಲೂ ಈಗ ದುಡ್ಡಿರಲಿಲ್ಲ.

“ಈಗ ಲೆಕ್ಕಕ್ಕೆ ಬಂದ್ನಾ?” ಭಾವ ಕೇಳಿದರು.

“ಬಂದ್ರಿ ಭಾವ.”

“ಹತ್ತು ದಾಟುತ್ತಾ?”

“ದಾಟುತ್ತೆ.”

“ಗ್ಯಾಸಿಗೆ ದುಡ್ಡು ಕೊಡ್ತಾರಾ?”

ಅವಳು ಕಣ್ಣೊರೆಸಿಕೊಂಡಳು. ಕೊಡುತ್ತಾರೆ ಎಂದು ತಲೆಯಾಡಿಸಿದಳು. ಭಾವ ಕೂದಲಿಲ್ಲದ ಮುಂಗೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು.

“ನೀನು ಅಳಬೇಡ. ನಿನ್ನ ತಪ್ಪೇನಿದೆ ಇದ್ರಲ್ಲಿ,” ಅಂದು, ಮೇಜಿನ ಮೇಲಿದ್ದ ಟ್ಯಾಬನ್ನು ಅವಳ ಕಡೆ ಮೆಲ್ಲಗೆ ಸರಿಸಿದರು. “ಇನ್ನೂ ಮನೆಗಳಿರ್ಬೇಕಲ್ಲ. ಹೊರಡು.”