ಕುಂಕುಮ ಹಚ್ಚಿದ ಸಿ.ಡಿ.

ಚೇಳೂರಿನ ಸ್ತ್ರೀಶಕ್ತಿ ಸಂಘದ ಕಂಪ್ಯೂಟರಿಗೆ 2006ರ ಆಷಾಢದಲ್ಲಿ ಹಳೆಯ ಸೀರೆಯೊಂದನ್ನು ಹೊದಿಸಿದವರು ದೀಪಾವಳಿ ಕಳೆದರೂ ತೆಗೆದಿರಲಿಲ್ಲ. ಸಂಘದ ಕೋಣೆಗೆ ಬಂದಾಗಲೆಲ್ಲ ರೂಪಶ್ರೀ ಆ ಮೂಲೆಯ ಕಡೆ ನೋಡದೆ ಕೂರುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಗುಬ್ಬಿಗೆ ಹೋಗಿ ಟೈಪಿಂಗ್ ಕಲಿತು, ಊರವರ ಮದುವೆ, ಗೃಹಪ್ರವೇಶದ ಪತ್ರಿಕೆಗಳನ್ನು ಆ ಕಂಪ್ಯೂಟರಿನಲ್ಲೇ ಸಿದ್ಧಮಾಡಿ ಕೊಡುತ್ತಿದ್ದಳು. ಊರಿನಲ್ಲಿ ಅವಳ ಹೆಸರು ಕೇಳಿಕೊಂಡು ಯಾರಾದರೂ ಬರುತ್ತಿದ್ದರೆ ಆ ಒಂದು ಕೆಲಸಕ್ಕೆ.

ಅದು ಕೆಟ್ಟದ್ದು ಹೀಗೆ. ಸಂತೆಯಲ್ಲಿ ಸಿ.ಡಿ. ಮಾರುವವನೊಬ್ಬ ಹೊಸ ಕನ್ನಡ ಅಕ್ಷರಗಳಿವೆ ಎಂದು ನಂಬಿಸಿ, ಕದ್ದು ನಕಲು ಮಾಡಿದ ಸಿ.ಡಿ.ಯನ್ನು ತಂದು ಕಂಪ್ಯೂಟರಿಗೆ ಹಾಕಿಕೊಟ್ಟ. ಅದರ ಮೇಲೆ ಅಚ್ಚಾದ ಹೆಸರಿಲ್ಲದೆ ಪೆನ್ನಿನಲ್ಲಿ ಗೀಚಿದ್ದನ್ನು ರೂಪಶ್ರೀ ಕಂಡಿದ್ದಳು. ಏನೋ ಸರಿಯಿಲ್ಲ ಅನಿಸಿತ್ತು. ಬಾಯಿ ಬಿಡಲಿಲ್ಲ. ಜೊತೆಯಲ್ಲಿ ಬಂದ ವೈರಸ್ಸು ಸಿದ್ದಗಂಗಯ್ಯನವರ ಮಗಳ ಲಗ್ನಪತ್ರಿಕೆಯನ್ನು ಅಚ್ಚಿಗೆ ಹೋಗುವ ಮೊದಲೇ ನುಂಗಿಹಾಕಿತು. ಅವರು ಮನೆಮನೆಗೆ ಹೋಗಿ ಬಾಯಿಮಾತಿನಲ್ಲೇ ಕರೆದರು. ರೂಪಶ್ರೀಯನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ಸಂಘದ ಅಧ್ಯಕ್ಷೆ ವನಜಮ್ಮ ಕಂಪ್ಯೂಟರನ್ನು ಮಾರಿಬಿಡೋಣ ಎನ್ನುತ್ತಿದ್ದರು. ಅದು ಹೋದರೆ ರೂಪಶ್ರೀಯ ಕೆಲಸವೂ ಹೋದಂತೆ. ಆದರೆ ಬೇಡ ಎನ್ನಲು ಅವಳಿಗೆ ಮುಖವಿರಲಿಲ್ಲ.

ಅದನ್ನು ತೀರ್ಮಾನಿಸಲು ಕರೆದ ಸಂಘದ ಸಭೆಗೆ ವನಜಮ್ಮನವರ ಅಣ್ಣನ ಮಗ ಪ್ರಭುದೇವ ತುಮಕೂರಿನಿಂದ ಬಂದಿದ್ದ. ಅವನಿಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ಮಾರುವ ಮೊದಲು ಇದೊಂದನ್ನು ನೋಡಿ ಎಂದು ಚೀಲದಿಂದ ಸಿ.ಡಿ. ತೆಗೆದ.

“ಇನ್ನೊಂದು ಸಿ.ಡಿ.ನಾ? ಒಂದ್ರಲ್ಲೇ ಮಾನ ಹೋಗ್ಯದೆ, ಬುಡಪ್ಪ,” ಎಂದರು ವನಜಮ್ಮ.

ರೂಪಶ್ರೀ ತಲೆ ತಗ್ಗಿಸಿದಳು.

“ಇದು ಕದ್ದ ಮಾಲಲ್ಲ ಅತ್ತೆ. ಮುಕ್ತ ತಂತ್ರಾಂಶ. ಲಿನಕ್ಸ್ ಅಂತಾರೆ. ಬಳಸ್ಕೊಳಿ, ತಿದ್ಕೊಳಿ, ನಕಲು ಮಾಡಿ ನಾಕು ಜನಕ್ಕೆ ಹಂಚಿ ಅಂತ ಬರೆದೋರೇ ಒಪ್ಪಿಗೆ ಕೊಟ್ಟವ್ರೆ.”

ಪುಕ್ಕಟೆ ಕೊಡುವವರಿಗೆ ಏನು ಲಾಭ ಎಂದು ಸಂಘದ ಸದಸ್ಯೆ ಪುಟ್ಟತಾಯಮ್ಮ ಕೇಳಿದರು. ಬಹಳ ಜನ ಸೇರಿ ತಮಗೆ ಬೇಕಾದ್ದನ್ನು ಬರೆದುಕೊಂಡು, ಎಲ್ಲರೊಡನೆ ಹಂಚಿಕೊಳ್ಳುತ್ತಾರೆ ಎಂದು ಪ್ರಭುದೇವ ಬಿಡಿಸಿ ಹೇಳಿದ. ವನಜಮ್ಮನವರಿಗೆ ಸಮಾಧಾನವಾಗಲಿಲ್ಲ.

“ಹಾಕಿದ್ಮೇಲೆ ಇರೋದೂ ಅಳಿಸ್ಹೋದ್ರೆ?”

“ಒಳಕ್ಕೆ ತುಂಬೋದೇ ಇಲ್ಲ ಅತ್ತೆ. ಸಿ.ಡಿ.ಯಿಂದ್ಲೇ ಓಡ್ತದೆ. ಇಷ್ಟ ಆಗ್ಲಿಲ್ವಾ, ಆಫ್ ಮಾಡಿ ಸಿ.ಡಿ. ಈಚೆಗೆ ತೆಗೀರಿ. ಕಂಪ್ಯೂಟರ್ ಮೊದ್ಲು ಹೆಂಗಿತ್ತೋ ಹಂಗೇ ಇರ್ತದೆ.”

ಪ್ರಭುದೇವ ಸೀರೆ ತೆಗೆದಿಟ್ಟು, ಮೇಜಿನಡಿ ತಲೆ ಹಾಕಿ ವೈರು ಜೋಡಿಸತೊಡಗಿದ. ಪೂಜೆಯಿಲ್ಲದೆ ಹೊಸದನ್ನು ಶುರುಮಾಡಿಸುವ ಪೈಕಿಯವರಲ್ಲ ಸಂಘದ ಹಿರಿಯರಾದ ಹೊಂಬಾಳಮ್ಮ. ಸಿ.ಡಿ.ಯನ್ನು ಕೈಗೆತ್ತಿಕೊಂಡು, ಕನ್ನಡಿಯಂತೆ ಹೊಳೆಯುವ ಕಡೆಗೆ ಒದ್ದೆ ಅರಿಶಿನ ಬಳಿದು ಕುಂಕುಮವಿಟ್ಟು, ಕಣ್ಣಿಗೊತ್ತಿಕೊಂಡು ಇಟ್ಟರು. ರೂಪಶ್ರೀ ನೋಡುತ್ತಲೇ ಇದ್ದಳು. ಹಿರಿಯರಿಗೆ ತಾನೇನು ಹೇಳುವುದು ಎಂದು ಸುಮ್ಮನಾದಳು.

ಪ್ರಭುದೇವ ಗಮನಿಸದೆ ಸಿ.ಡಿ. ಒಳಗಿಟ್ಟು ಕಂಪ್ಯೂಟರ್ ಚಾಲೂ ಮಾಡಿದ. ಅದು ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ಪರದೆ ಕಪ್ಪಾಗಿಯೇ ಉಳಿಯಿತು. ಇದಕ್ಕೆ ಗ್ರಹಚಾರವೇ ಬಡಿದಿದೆ, ನಾಳೆಯೇ ಸಾಗಹಾಕೋಣ ಎಂದು ವನಜಮ್ಮ ಮತ್ತೆ ಹೊದಿಸಲು ಆ ಸೀರೆ ಎತ್ತಿಕೊಂಡರು.

ರೂಪಶ್ರೀಯ ಕಿವಿ ಬಿಸಿಯಾಯಿತು. ಅಂದೂ ಕಂಡು ಸುಮ್ಮನಿದ್ದಳು, ಇಂದೂ ಕಂಡು ಸುಮ್ಮನಿದ್ದಾಳೆ. ಮಾತಾಡಲು ಆಗುತ್ತಿದ್ದ ನಾಚಿಕೆಗಿಂತ ಈ ನಾಚಿಕೆಯೇ ಹೆಚ್ಚು ಸುಡತೊಡಗಿತು.

“ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಹೊಳೆಯೋ ಕಡೆಗೇ ಕುಂಕುಮ ಇಟ್ಟಿದೀರ. ಮಿಷನ್ನು ಓದೋದು ಆ ಕಡೆಯಿಂದ್ಲೇ. ನಾನ್ ನೋಡ್ದೆ. ಆದ್ರೂ ಹೇಳ್ಲಿಲ್ಲ.”

“ಮುಖ ಬುಟ್ಟು ಬೆನ್ನಿಗೆ ಯಾರವ್ವ ಕುಂಕುಮ ಇಕ್ತಾರೆ?” ಎಂದು ಹೊಂಬಾಳಮ್ಮ ನಕ್ಕುಬಿಟ್ಟರು. “ಆಗ್ಲೇ ಬಾಯಿ ಬುಡೋದಲ್ವೇನೇ?”

ರೂಪಶ್ರೀ ಸಿ.ಡಿ. ಹೊರತೆಗೆದು, ಮೆತ್ತನೆಯ ಬಟ್ಟೆ ತೇವಮಾಡಿ, ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿ, ಒಣಗಿಸಿದಳು. ಮತ್ತೆ ಒಳಗಿಟ್ಟು ಚಾಲೂ ಮಾಡಿದಳು. ಈ ಸಲ ತಡವಾದರೂ ಪರದೆ ಬೆಳಗಿತು. ಬರೆಯುವುದಕ್ಕೆ, ಚಿತ್ರ ಬಿಡಿಸುವುದಕ್ಕೆ, ಲೆಕ್ಕಕ್ಕೆ ಬೇಕಾದ್ದೆಲ್ಲ ಅದರಲ್ಲಿತ್ತು, ಕನ್ನಡ ಅಕ್ಷರವೂ ಇತ್ತು. ಕಂಪ್ಯೂಟರಿನೊಳಕ್ಕೆ ತುಂಬಿಸುವ ‘ಇನ್‌ಸ್ಟಾಲ್’ ಎಂಬುದನ್ನು ಮಾತ್ರ ಈಗ ಒತ್ತಬೇಡ ಎಂದ ಪ್ರಭುದೇವ. ಟೈಪ್ ಮಾಡಿದ್ದನ್ನು ಪೆನ್ ಡ್ರೈವಿನಲ್ಲಿ ಉಳಿಸಿಕೊಳ್ಳದಿದ್ದರೆ ಆಫ್ ಮಾಡಿದೊಡನೆ ಹೋಗುತ್ತದೆ ಎಂದೂ ಹೇಳಿದ. ಕೊನೆಗೆ ಸಿ.ಡಿ. ಹೊರತೆಗೆದು ಮತ್ತೆ ಚಾಲೂ ಮಾಡಿದರೆ, ಹಳೆಯದೆಲ್ಲ ಇದ್ದಂತೆಯೇ ಇತ್ತು.

ವನಜಮ್ಮ ಸೀರೆಯನ್ನು ಮಡಿಸಿದರು. “ಮಾರೋದು ಇರ್ಲಿ. ಇದ್ರ ಮುಂದೆ ಕೂರೋರು ಯಾರು?”

ರೂಪಶ್ರೀ ತಲೆ ಎತ್ತಿದಳು.

“ನಾನೇ ಕೂರ್ತೀನಿ, ವನಜಕ್ಕ.”

ಇದನ್ನು ಓದಿಸಿಕೊಂಡು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮೂರಿನ ಶಾಲೆಯಲ್ಲೋ ಸಂಘದಲ್ಲೋ ಕಂಪ್ಯೂಟರ್ ಮೂಲೆ ಸೇರಿದ್ದರೆ, ತಿಳಿದವರಿಂದ ಮುಕ್ತ ತಂತ್ರಾಂಶದ ಸಿ.ಡಿ. ತರಿಸಿ, ಒಳಗೆ ತುಂಬದೆಯೇ ಓಡಿಸಿ ನೋಡಿ. ಮನಸ್ಸಿಗೆ ಬಂದರೆ ನಿಮ್ಮ ಕಡತಗಳನ್ನು ಬೇರೆಡೆ ನಕಲಿಟ್ಟುಕೊಂಡು ಆಮೇಲೆ ತುಂಬಿಸಿಕೊಳ್ಳಿ. ಕದ್ದ ಸಿ.ಡಿ. ಬಾಗಿಲಿಗೆ ಬಂದರೆ ಬೇಡ ಎನ್ನಿ. ಗೊತ್ತಿಲ್ಲವೆಂದು ನಾಚಿ ಸುಮ್ಮನೆ ಕೂರಬೇಡಿ, ಅನುಮಾನ ಬಂದ ಗಳಿಗೆಯಲ್ಲೇ ಕೇಳಿ.