ಒಂಟಿ ಕೈಯ ಲೇಸು

ನನ್ನ ಮಗಳು ಚೂಟಿ ಎರಡನೇ ಕ್ಲಾಸಿನಲ್ಲಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ. "ನೀನು ದೊಡ್ಡವಳಾಗಿ ಕೆಲಸಕ್ಕೆ ಹೋಗೋ ಹೊತ್ತಿಗೆ, ನೀನೇ ಕಟ್ಕೊಳ್ಳೋ ಅಂಥ ಬೂಟು ನನ್ನ ಕೈಯಾರೆ ಮಾಡಿಕೊಡ್ತೀನಿ. ಯಾರೂ ನಿನ್ನ ಕಾಲ ಹತ್ರ ಬಗ್ಗೋದು ಬೇಡ."

ಅವತ್ತು ಅವಳು ಶಾಲೆಯಿಂದ ಅಳುತ್ತಾ ಬಂದಿದ್ದಳು. ಹುಟ್ಟಿದಾಗಿನಿಂದಲೂ ಅವಳ ಎಡಗೈಯ ಬೆರಳುಗಳು ಮಡಚಿಕೊಂಡೇ ಇವೆ, ಏನನ್ನೂ ಹಿಡಿಯಲು ಬರುವುದಿಲ್ಲ. ಆಟದ ಹೊತ್ತಿನಲ್ಲಿ ಲೇಸು ಬಿಚ್ಚಿಹೋಗಿ, ಟೀಚರ್ ಎಲ್ಲರೆದುರು ಮೊಣಕಾಲೂರಿ ಕಟ್ಟಿದರಂತೆ. ಮಕ್ಕಳೆಲ್ಲ "ಮಹಾರಾಣಿ, ಮಹಾರಾಣಿ" ಎಂದು ಕೂಗಿದರಂತೆ. ಬೂಟು ರಿಪೇರಿಯವಳ ಮಗಳಿಗೆ ಬೂಟಿನಿಂದಲೇ ಅವಮಾನ. ಹೊಟ್ಟೆ ಉರಿದುಹೋಯಿತು. ಆ ಉರಿಯಲ್ಲಿ ಬಾಯಿಗೆ ಬಂದ ಮಾತು ಅದು.

ಆಮೇಲೆ ಶಾಲೆಗೆ ಚರ್ ಎಂದು ಕಿತ್ತು ಅಂಟಿಸುವ ಪಟ್ಟಿಯ ಶೂ, ಕಾಲೇಜಿಗೆ ಚಪ್ಪಲಿ. ಅದರಲ್ಲೇ ಕಾಲ ಸಾಗಿತು. ನಾನು ಮರೆತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದಾಗ ಯಾವುದಾದರೊಂದು ಹಳೆ ಬೂಟು ತೊಡೆಯ ಮೇಲಿಟ್ಟುಕೊಂಡು ಏನಾದರೂ ಹೆಣೆಯುತ್ತಿದ್ದೆ. ಹಿಗ್ಗುವ ದಾರ ಹಾಕಿದೆ, ಸಡಿಲವಾಯಿತು. ಬಕಲ್ ಇಟ್ಟೆ, ಒಂದು ಕೈಯಲ್ಲಿ ಅದರ ಮುಳ್ಳು ತೂತಿಗೆ ಹೋಗಲಿಲ್ಲ. ಮನೆಗೆ ಒಯ್ದು ಅವಳ ಕಾಲಿಗೆ ಹಾಕುವುದು, ಅವಳು ಒದ್ದಾಡುವುದು, ಕೊನೆಗೆ ನಾನೇ ಬಗ್ಗಿ ಬಿಚ್ಚುವುದು. ಒದ್ದಾಡಿ ಸಾಕಾಗಿ ಅವಳು, "ಬಿಡಮ್ಮಾ, ಮಹಾರಾಣಿ ಆಗೇ ಇರ್ತೀನಿ," ಎಂದು ನಗುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಈಗ ಗಾಜಿನ ಕಾರ್ಖಾನೆಯಲ್ಲಿ ಅವಳಿಗೊಂದು ಕೆಲಸ ಸಿಗುವುದರಲ್ಲಿತ್ತು. ಕುಲುಮೆಯಿಂದ ಸಾಲಾಗಿ ಬರುವ ಬಾಟಲಿಗಳಲ್ಲಿ ಗುಳ್ಳೆ, ಸೀಳು ಹುಡುಕಿ ತೆಗೆದಿಡುವುದು. ಚೂಟಿಯ ಕಣ್ಣು ಹದ್ದಿನ ಕಣ್ಣು. ನನ್ನ ಹೊಲಿಗೆ ಒಂದು ಎಳೆ ಅತ್ತ ಹೋದರೂ ಬಾಗಿಲಲ್ಲೇ ನಿಂತು ಹೇಳುತ್ತಾಳೆ. ಆದರೆ ಆ ಅಂಗಳದಲ್ಲಿ ಕಾಲಿಡಬೇಕಾದರೆ ಕಣಕಾಲು ಮುಚ್ಚುವ ಬೂಟೇ ಬೇಕು, ಲೇಸು ಬಿಗಿದಿರಲೇಬೇಕು. ಅಂಟಿಸುವ ಪಟ್ಟಿಗೆ ಗಾಜಿನ ಪುಡಿ ತುಂಬಿದರೆ ಅಂಟುವುದಿಲ್ಲ, ಜಿಪ್ ಆದರೆ ಸಿಕ್ಕಿಕೊಳ್ಳುತ್ತದೆ. ಬೂಟನ್ನು ತಾನೇ ಹಾಕಿಕೊಳ್ಳಬೇಕು. ಬಿಸಿ ಚೂರು ಒಳಗೆ ಬಿದ್ದರೆ ತಾನೇ ಬಿಚ್ಚಿ ಎಸೆಯಬೇಕು. ಸುರಕ್ಷತೆ ನೋಡಿಕೊಳ್ಳುವ ಸಾಹೇಬರು ಒಂದು ಜೊತೆ ಬೂಟು ಕೊಟ್ಟು ಕಳಿಸಿದ್ದರು. "ಸೋಮವಾರ ಬೆಳಗ್ಗೆ ಬಂದು ನನ್ನೆದುರು ಹಾಕಿ, ಬಿಚ್ಚಿ ತೋರಿಸಮ್ಮ. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ. ನಿನ್ನ ಹಿಂದೆ ಇನ್ನೊಬ್ಬಳಿದ್ದಾಳೆ."

ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಿರಾಕಿ ಹಿಮ್ಮಡಿಗೆ ಮೊಳೆ ಹೊಡೆ ಎಂದರೆ ಮುಂಗಾಲಿಗೆ ಹೊಡೆದು, ಕಿತ್ತು, ಮತ್ತೆ ಹೊಡೆದೆ. ಒಲೆಯ ಮೇಲೆ ಹಾಲಿಟ್ಟು ಹಿತ್ತಾಳೆ ತಗಡು ಹುಡುಕಲು ಹೋದೆ. ಹಾಲೆಲ್ಲ ಒಲೆಯ ಪಾಲು.

ನನ್ನ ಅತ್ತೆ ಅಂಗಡಿಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಗಿರಾಕಿಗಳಿಗೆ ಚೀಟಿ ಕೊಡುತ್ತಾರೆ, ಚೀಟಿಯ ಜೊತೆ ಬುದ್ಧಿಯನ್ನೂ ಕೊಡುತ್ತಾರೆ. ಅವರು ನನ್ನ ಕಡೆ ನೋಡಿ, "ಬೇರೆಯವರ ಮನೇಲಿ ಯಾವತ್ತೋ ಒಂದಿನ ತಲೆ ಕೆಟ್ಟು ಕೆರ ಹಿಡಿಯುತ್ತೆ. ನಮ್ಮನೇಲಿ ಅದೇ ಕಸುಬು," ಎಂದರು.

ಎದುರು ನಿಂತಿದ್ದ ಗಿರಾಕಿ ಕಿಸಕ್ಕನೆ ನಕ್ಕ. ನನಗೆ ನಗು ಬರಲಿಲ್ಲ.

ಕೊನೆಗೆ ಆ ಬೂಟಿಗೆ ನಾನು ಮಾಡಿದ್ದು ಇಷ್ಟು. ಎರಡು ತುದಿಯ ಲೇಸು ಬೇಡ, ಒಂದೇ ತುದಿ ಸಾಕು. ಇನ್ನೊಂದು ತುದಿಯನ್ನು ಕೆಳಗಿನ ತೂತಿನಲ್ಲೇ ಗಂಟು ಹಾಕಿ ಕೂರಿಸಿದೆ. ಲೇಸು ಆ ಕಡೆ ಈ ಕಡೆ ಕೊಕ್ಕೆಗಳಿಗೆ ಸಿಕ್ಕುತ್ತಾ ಮೇಲೆ ಹೋಗುತ್ತದೆ. ಬೂಟಿನ ಮೇಲ್ತುದಿಯಲ್ಲಿ ರಿವೆಟ್ ಮೊಳೆ ಹೊಡೆದು ಕೂರಿಸಿದ ಹಿತ್ತಾಳೆಯದೊಂದು ಚಿಕ್ಕ ತುಂಡು. ಅದರಲ್ಲಿ ಉದ್ದಕ್ಕೊಂದು ಸೀಳು, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಅಗಲದ ಕಡೆಯಿಂದ ಲೇಸು ತೂರಿಸಿ ಕಿರಿದಾದ ಕಡೆಗೆ ಎಳೆದರೆ ಕಚ್ಚಿಕೊಂಡು ಕೂರುತ್ತದೆ, ಗಂಟೇ ಬೇಡ. ಅತ್ತೆ ಅದಕ್ಕೆ ಮೊಸಳೆ ಎಂದು ಹೆಸರಿಟ್ಟರು. ಅಗಲದ ಕಡೆ ಬಾಯಿ, ಕಿರಿದಾದ ಕಡೆ ಗಂಟಲು.

ಅಂಗಡಿಯಲ್ಲಿ ಮೊಸಳೆ ಚೆನ್ನಾಗಿಯೇ ಕಚ್ಚಿತು. ಬೂಟಿನೊಳಗೆ ಮರದ ಅಚ್ಚು ತುರುಕಿ, ನನ್ನ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಲಗೈ ಒಂದರಲ್ಲೇ ಎಳೆದೆ. ಟಕ್ ಎಂದು ಕೂತಿತು. ಮತ್ತೆ ಎಳೆದೆ. ಮತ್ತೆ ಟಕ್. ಕುಣಿಯುವುದೊಂದು ಬಾಕಿ.

ಮನೆಯಲ್ಲಿ ಚೂಟಿಯ ಕಾಲಿಗೆ ಹಾಕಿದರೆ ಎಳೆದಷ್ಟೂ ಲೇಸು ಜಾರಿ ಹೊರಗೆ ಬಂತು.

"ಮೆಲ್ಲಗೆ ಎಳಿಯೇ."

"ಮೆಲ್ಲಗೇ ಎಳೀತಿದೀನಿ."

"ನಿನ್ನದೆಲ್ಲ ಅವಸರ. ಇನ್ನೊಂದ್ಸಲ."

ಬಗ್ಗಿ, ಮುಂದಕ್ಕೆ ಕೈಚಾಚಿ, ಲೇಸನ್ನು ಪಾದದ ಕಡೆಗೆ ಒತ್ತಿ ಹಿಡಿದರೆ ಒಂದು ಕ್ಷಣ ಕಚ್ಚುತ್ತಿತ್ತು. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕುವುದರೊಳಗೆ ಬಾಯಿ ಬಿಡುತ್ತಿತ್ತು. ನಾನು ಲೇಸಿಗೆ ಮೇಣ ಉಜ್ಜಿದೆ. ಸೀಳನ್ನು ಅರದಿಂದ ತಿಕ್ಕಿದೆ. ದಪ್ಪ ಲೇಸು ತಂದೆ, ತೆಳು ಲೇಸು ತಂದೆ. ಅಂಗಡಿಯಲ್ಲಿ ಕಚ್ಚುವುದು, ಮನೆಯಲ್ಲಿ ಬಿಡುವುದು. ಮೊಸಳೆಗೆ ನನ್ನ ಮಗಳ ಮೇಲೆ ಏನು ಹಗೆ ಎಂದು ತಿಳಿಯದೆ ಒದ್ದಾಡಿಹೋದೆ. ಅವಳ ಬಲಗೈಯಲ್ಲೂ ಶಕ್ತಿ ಕಡಿಮೆಯಿರಬಹುದೇ ಎಂಬ ಯೋಚನೆ ಬಂತು. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವಳ ಕೈಯನ್ನೇ ನೋಡುತ್ತಿದ್ದೆ, ಅದು ಅವಳಿಗೆ ಗೊತ್ತಾಯಿತು. ಬೂಟು ಬಿಚ್ಚಿ ಮೂಲೆಗೆ ತಳ್ಳಿ, ಮುಖ ಊದಿಸಿಕೊಂಡು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಹಾಕಿ ಬೂಟು ಮುಂದಿಟ್ಟುಕೊಂಡು ಕೂತೆ. ಅತ್ತೆ ಸ್ಟೂಲಿನ ಮೇಲೇ ತೂಕಡಿಸುತ್ತಿದ್ದರು. ಚೂಟಿ ಊಟದ ಡಬ್ಬಿ ಹಿಡಿದು ಬಂದಳು. ಸಾಮಾನ್ಯವಾಗಿ ಡಬ್ಬಿ ಇಟ್ಟು ಹೊರಟುಬಿಡುವವಳು ಅವತ್ತು ಹೋಗಲಿಲ್ಲ. ಗೋಡೆಗೆ ಒರಗಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ನೋಡು," ಎಂದೆ. "ನನ್ನ ಕೈಯಲ್ಲಿ ಹೇಗೆ ಕೂರುತ್ತೆ ನೋಡು." ಎಳೆದೆ. ಟಕ್.

"ಇನ್ನೊಂದ್ಸಲ ಎಳಿ."

ಟಕ್.

"ಅಮ್ಮಾ, ಬೂಟನ್ನ ಯಾಕೆ ಹೀಗಿಟ್ಕೊಂಡಿದೀಯ?"

"ಹೀಗೆ ಅಂದ್ರೆ?"

"ಕಾಲ್ಬೆರಳ ತುದಿ ನಿನ್ನ ಹೊಟ್ಟೆ ಕಡೆ ಇದೆಯಲ್ಲ."

"ಮತ್ತೆ ಹೇಗಿಟ್ಕೋಬೇಕು? ನಮ್ಮಪ್ಪ ಹೀಗೇ ಇಟ್ಕೋತಿದ್ದರು, ಅವರಪ್ಪಾನೂ ಹೀಗೇ. ಹಿಮ್ಮಡಿ ಮಂಡಿಗೆ, ಬೆರಳು ಹೊಟ್ಟೆಗೆ. ಇಲ್ಲದಿದ್ರೆ ದಬ್ಬಣ ಎಲ್ಲಿ ಹೋಗುತ್ತೆ ಗೊತ್ತಾ?"

ಅವಳು ತನ್ನ ಕಾಲು ಮುಂದೆ ಚಾಚಿ, ನನ್ನ ತೊಡೆಯ ಮೇಲಿದ್ದ ಬೂಟನ್ನು ನೋಡಿ, ಮತ್ತೆ ತನ್ನ ಕಾಲು ನೋಡಿಕೊಂಡಳು. ಆಮೇಲೆ ನಿಧಾನಕ್ಕೆ, "ನನ್ನ ಕಾಲ್ಬೆರಳು ನನ್ನ ಹೊಟ್ಟೆ ಕಡೆ ಇಲ್ಲವಲ್ಲಮ್ಮಾ," ಎಂದಳು.

ಒಂದು ಗಳಿಗೆ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ನಾನು ನನ್ನ ಕಡೆಗೆ ಎಳೆದರೆ ಅದು ಪಾದದ ಕಡೆಗೆ ಎಳೆದ ಹಾಗೆ. ಮೊಸಳೆಯ ಗಂಟಲನ್ನು ನಾನು ಕೂರಿಸಿದ್ದು ಆ ಕಡೆಗೇ. ಅವಳು ತನ್ನ ಕಡೆಗೆ ಎಳೆದರೆ ಲೇಸು ಹೋಗುವುದು ಮೇಲಕ್ಕೆ, ನೇರ ಬಾಯಿಯ ಕಡೆಗೆ. ನಾನು ಕಟ್ಟಿದಂತೆಲ್ಲ ಅವಳು ಬಿಚ್ಚುತ್ತಿದ್ದಳು. ಅವಳ ಅಳತೆಯ ಬೂಟು ನನ್ನ ಕಾಲಿಗೆ ಹಿಡಿಸುವುದಿಲ್ಲ, ಹಾಗಾಗಿ ಒಮ್ಮೆಯೂ ನಾನು ಹಾಕಿ ನೋಡಿರಲಿಲ್ಲ.

"ಇಷ್ಟು ದಿನದಿಂದ ಹೇಳಬಾರದಿತ್ತೇನೇ?" ಎಂದು ರೇಗಿದೆ.

"ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ," ಎಂದಳು. "ನೀನೂ ಹಾಗೇ ಅಂದ್ಕೊಂಡಿದ್ದೆ ಅಲ್ವಾ?"

ನಾನು ಇಕ್ಕಳ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಅತ್ತೆ ತೂಕಡಿಕೆಯಿಂದ ಕಣ್ಣು ಬಿಟ್ಟು, "ಏನಾಯ್ತು? ಮೊಸಳೆ ಸತ್ತಿತಾ?" ಎಂದರು.

"ಇಲ್ಲ ಅಜ್ಜಿ, ತಲೆಕೆಳಗಾಗಿ ಮಲಗಿತ್ತು."

"ನಿಮ್ಮಮ್ಮ ಸಾಕಿದ್ದಲ್ವಾ," ಎಂದು ಮತ್ತೆ ಕಣ್ಣು ಮುಚ್ಚಿದರು.

ಬಲಗಾಲಿನ ಬೂಟಿನ ಮೊಸಳೆಯನ್ನು ಕಿತ್ತು ತಿರುಗಿಸಿ, ಅದೇ ತೂತುಗಳಿಗೆ ಹೊಸ ರಿವೆಟ್ ಹೊಡೆದೆ. ಸಲೀಸಾಗಿ ಕೂತಿತು. ಆ ಖುಷಿಯಲ್ಲಿ ಎಡಗಾಲಿನದನ್ನು ಇಕ್ಕಳದಿಂದ ಹಿಡಿದು ಒಂದೇ ಸಲಕ್ಕೆ ಜಗ್ಗಿದೆ. ಪರ್ ಎಂದಿತು. ರಿವೆಟ್ ಜೊತೆ ತೊಗಲೂ ಹರಿದು ಬಂತು, ಎರಡು ತೂತು ಸೇರಿ ಒಂದೇ ಬಾಯಿಯಾಗಿತ್ತು.

ಬೂಟು ಕಾರ್ಖಾನೆಯದು. ಬೇರೆ ಜೊತೆ ಇಲ್ಲ. ಬೆಳಗಾದರೆ ಸೋಮವಾರ.

"ಹರಿದೋಯ್ತಾ?" ಚೂಟಿ ಕೇಳಿದಳು.

"ಸುಮ್ನಿರು."

"ಅಮ್ಮಾ, ಹರಿದೋಯ್ತಾ?"

"ಸುಮ್ನಿರೇ ಅಂದ್ನಲ್ಲ!"

ಎದ್ದು ಬಾಗಿಲ ತನಕ ಹೋದೆ, ಬಂದೆ, ಮತ್ತೆ ಹೋದೆ. ತೇಪೆ ಹಾಕಿ ಅದೇ ಜಾಗದಲ್ಲಿ ರಿವೆಟ್ ಹೊಡೆದರೆ ನಾಳೆ ಅವಳು ಎಳೆದಾಗ ತೇಪೆಯೇ ಕಿತ್ತು ಬರುತ್ತದೆ. ಅಂಟು ಒಣಗಲು ಹೊತ್ತಿಲ್ಲ. ಹರಿದದ್ದನ್ನು ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ಅಂಚಿನ ಹತ್ತಿರ, ಎರಡು ಪದರ ಸೇರಿಸಿ ಹೊಲಿದ ಕಡೆ, ತೊಗಲು ಗಟ್ಟಿಯಾಗಿತ್ತು. ಅಲ್ಲಿ ಕೂರಿಸಿದರೆ ಎಡದ ಮೊಸಳೆ ಬಲದ್ದಕ್ಕಿಂತ ಮೇಲಾಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ. ನನ್ನ ಅಂಗಡಿಯಿಂದ ಅಂಥ ಸೊಟ್ಟ ಕೆಲಸ ಹೊರಗೆ ಹೋಗಿಲ್ಲ.

"ಸೊಟ್ಟಗಾದ್ರೆ ಪರವಾಗಿಲ್ವಾ?" ಎಂದೆ.

"ಸೊಟ್ಟ ಕೈಗೆ ಸೊಟ್ಟ ಬೂಟು," ಎಂದಳು. "ಹೊಡಿಯಮ್ಮಾ."

ಹರಿದದ್ದನ್ನು ಹೊಲಿದು, ಮೊಸಳೆಯನ್ನು ಮೇಲಿಟ್ಟು ಹೊಡೆದೆ. ಈ ಸಲ ತೊಡೆಯ ಮೇಲಿಟ್ಟು ನೋಡಲಿಲ್ಲ. ನೇರ ಅವಳ ಕಾಲಿಗೇ ಹಾಕಿಸಿದೆ. ಅವಳು ತನ್ನ ಕಡೆಗೆ ಎಳೆದಳು. ಟಕ್. ಎರಡೂ. ಬೆರಳಿಂದ ಕೆಳಗೆ ಒತ್ತಿದಳು, ಲೇಸು ಬಿಟ್ಟುಕೊಂಡಿತು. ಮತ್ತೆ ಎಳೆದಳು. ಅಂಗಡಿಯೊಳಗೇ ಅತ್ತಿಂದಿತ್ತ ನಡೆದಳು, ಕುಪ್ಪಳಿಸಿದಳು. ಅತ್ತೆ ಎಚ್ಚರಗೊಂಡು, "ಭೂಮಿ ನಡುಗ್ತಾ ಇದೆಯಾ?" ಎಂದರು.

ಆದರೂ ಬೆಳಗಿನವರೆಗೆ ನನಗೆ ಸಮಾಧಾನವಿಲ್ಲ. ಹೊಲಿಗೆ ಬಿಡುತ್ತದೆ ಅನ್ನಿಸುವುದು, ರಿವೆಟ್ ಸಾಲದು ಅನ್ನಿಸುವುದು. ಬೆಳಗ್ಗೆ ಹೊರಡುವಾಗ, "ಇವತ್ತೊಂದಿನ ನಾನೇ ಗಂಟು ಹಾಕಿಬಿಡ್ಲಾ? ಕಟ್ಕೊಂಡೇ ಹೋಗು, ಬಿಚ್ಚು ಅಂದಾಗ ನೋಡ್ಕೊಳ್ಳೋಣ," ಎಂದೆ.

ಚೂಟಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಬೂಟನ್ನು ಚೀಲದಲ್ಲಿ ಹಾಕಿ ಹೆಗಲಿಗೇರಿಸಿ, ಚಪ್ಪಲಿಯಲ್ಲೇ ನಡೆದಳು.

ಕಾರ್ಖಾನೆಯ ಗೇಟಿನ ಒಳಗಡೆಯೇ ಒಂದು ಜಗಲಿ, ಅಲ್ಲಿ ಬೂಟು ಹಾಕುವವರಿಗೆಂದು ಉದ್ದದ ಬೆಂಚು. ನನ್ನನ್ನು ಒಳಗೆ ಬಿಡಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತೆ.

"ಅಕ್ಕಾ, ಸ್ವಲ್ಪ ಹಿಂದೆ ನಿಲ್ಲಿ, ಲಾರಿ ಬರುತ್ತೆ," ಎಂದ ಕಾವಲಿನವನು.

"ಬರಲಿ ಬಿಡಪ್ಪಾ."

"ಬಂದ್ರೆ ನಿಮ್ಮ ಮೇಲೇ ಬರೋದು."

ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದೆ.

ಸಾಹೇಬರು ಬೂಟು ಎತ್ತಿ ತಿರುಗಿಸಿ ನೋಡಿದರು. "ಇದೇನಮ್ಮಾ, ಒಂದು ಮೇಲೆ, ಒಂದು ಕೆಳಗೆ?"

"ನಮ್ಮಮ್ಮನ ಅವಸರ ಸಾರ್," ಎಂದಳು ಚೂಟಿ. ಗೇಟಿನ ತನಕ ಕೇಳಿಸಿತು.

ಬಲಗಾಲು ಹಾಕಿದಳು, ಎಳೆದಳು, ಆಯಿತು. ಎಡಗಾಲಿಗೆ ಕೊಕ್ಕೆಗಳಲ್ಲಿ ಲೇಸು ಹಾಯಿಸುವಾಗ ಒಂದು ಕೊಕ್ಕೆ ತಪ್ಪಿತು. ನಾನಿಲ್ಲಿ ಕಂಬಿಯನ್ನೇ ಲೇಸಿನ ಹಾಗೆ ಎಳೆಯುತ್ತಿದ್ದೆ. ಸಾಹೇಬರು ಪಾಪ ಎಂದುಕೊಂಡೋ ಏನೋ, ಕೈಚಾಚಿ ಬಗ್ಗಹೋದರು. ಚೂಟಿ ಅವರ ಕೈಯನ್ನು ತನ್ನ ಮಡಚಿದ ಕೈಯಿಂದಲೇ ಪಕ್ಕಕ್ಕೆ ಸರಿಸಿದಳು. ಲೇಸನ್ನು ಹಿಂದಕ್ಕೆ ತೆಗೆದು, ತಪ್ಪಿದ ಕೊಕ್ಕೆಗೆ ಹಾಕಿ, ತನ್ನ ಕಡೆಗೆ ಎಳೆದಳು. ಅಷ್ಟು ದೂರದಿಂದ ಟಕ್ ಕೇಳಿಸಲಿಲ್ಲ. ಅವಳು ಎದ್ದು ನಿಂತದ್ದು ಕಾಣಿಸಿತು.

ಜಗಲಿಯ ಉದ್ದಕ್ಕೂ ನಡೆಸಿದರು. ಮೆಟ್ಟಿಲು ಹತ್ತಿಸಿದರು, ಇಳಿಸಿದರು. "ಬಿಚ್ಚು!" ಎಂದು ಇದ್ದಕ್ಕಿದ್ದ ಹಾಗೆ ಕೂಗಿದರು. ಬೆಚ್ಚಿದ್ದು ನಾನು. ಅವಳು ಒತ್ತಿ, ಸಡಿಲಿಸಿ, ಎರಡೂ ಬೂಟನ್ನು ಒದ್ದು ಎಸೆದಳು. ಒಂದು ಹೋಗಿ ಬೆಂಚಿನ ಕೆಳಗೆ ಬಿತ್ತು.

ಸಾಹೇಬರು ಅವಳಿಗೆ ಒಂದು ಕನ್ನಡಕ ಕೊಟ್ಟರು, ಗಾಜು ನೋಡುವವರು ಹಾಕುವಂಥದ್ದು. ಅವಳು ಮತ್ತೆ ಬೂಟು ಹಾಕಿಕೊಂಡು ಒಳಗೆ ಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ, ಕೈಯನ್ನಷ್ಟೇ ಹಿಂದಕ್ಕೆ ಬೀಸಿ ನನಗೆ ಮನೆಗೆ ಹೋಗು ಎಂದಳು.

ಅವಳೇ ಕಟ್ಟಿಕೊಳ್ಳುವಂಥ ಬೂಟು ನನ್ನ ಕೈಯಾರೆ ಮಾಡಿಕೊಡುತ್ತೇನೆ ಎಂದಿದ್ದೆ. ಮಾಡಿಕೊಟ್ಟೆ.